ಮದುಮಗಳ ಬಣ್ಣ

“ಗುರುಗಳೇ, ಕಂಡಕಂಡವರನ್ನು ಮೆಚ್ಚಿಸಲು ಹೋಗಿ ನನ್ನ ಮಾತು, ನಡೆ, ನಗು ಎಲ್ಲವನ್ನೂ ಬದಲಾಯಿಸಿಕೊಂಡೆ. ಮೊದಲಿದ್ದ ನಾನು ಇನ್ನು ಸಿಗುತ್ತೇನೆಯೇ?” ಎಂದು ಶಿಷ್ಯ ನಂಜುಂಡ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಫೋಟೊಗ್ರಾಫರ್ ಇದ್ದ. ಮದುವೆಯ ಫೋಟೊ ತೆಗೆಯುವುದರಲ್ಲಿ ಎತ್ತಿದ ಕೈ. ಮದುಮಗಳು ಕಪ್ಪಗಿದ್ದರೆ ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿ ಕೊಡುತ್ತಿದ್ದ. ಎಷ್ಟೋ ಸಲ ಗಂಡಿನ ಕಡೆಯವರೇ ಕೇಳಿ ಮಾಡಿಸುತ್ತಿದ್ದರು. ನಮ್ಮ ಜನಕ್ಕೆ ಸೊಸೆ ಎಷ್ಟು ಬೆಳ್ಳಗಿದ್ದರೂ ಸಾಲದು, ನಿನಗೆ ಗೊತ್ತಲ್ಲ. ಆದರೆ ಅವನದೊಂದು ಒಳ್ಳೆಯ ಅಭ್ಯಾಸವಿತ್ತು. ಕ್ಯಾಮೆರಾ ಹಿಡಿದ ಮೂಲ ಚಿತ್ರಕ್ಕೆ ಅವನು ಕೈ ಹಚ್ಚುತ್ತಿರಲಿಲ್ಲ. ಇಷ್ಟು ಬೆಳಕು ಏರಿಸು, ಇಷ್ಟು ಕಪ್ಪು ಇಳಿಸು ಎಂಬ ಸೂಚನೆಗಳನ್ನಷ್ಟೇ ಅವನ ತಂತ್ರಾಂಶ ಬೇರೆಯಾಗಿ ಉಳಿಸಿಕೊಳ್ಳುತ್ತಿತ್ತು. ಸೂಚನೆಗಳನ್ನು ತೆಗೆದರೆ ಮೂಲ ಹಾಗೆಯೇ ಇರುತ್ತಿತ್ತು.

ಒಂದು ದಿನ ಒಬ್ಬ ಹುಡುಗಿ, ಅವನೇ ಹಿಂದೆ ಮಾಡಿಕೊಟ್ಟಿದ್ದ ಹಳೆಯ ಆಲ್ಬಮ್ ಹಿಡಿದು ಬಂದಳು. ಅವಳನ್ನು ಹೆತ್ತು ತಾಯಿ ತೀರಿಕೊಂಡಿದ್ದಳು. ತಾಯಿಯದೆಂದು ಉಳಿದದ್ದು ಆ ಮದುವೆಯ ಆಲ್ಬಮ್ ಒಂದೇ.

“ಅಮ್ಮ ನಿಜವಾಗ್ಲೂ ಇಷ್ಟು ಬೆಳ್ಳಗಿದ್ರಾ ಸರ್? ಮನೇಲಿ ಇದನ್ನ ತೋರಿಸಿ, ನೀನು ಯಾರ ಹಾಗೆ ಹುಟ್ಟಿದ್ಯೋ ಅಂತಾರೆ. ನನಗೂ ಇವರು ಬೇರೆ ಯಾರದೋ ಅಮ್ಮ ಅನ್ಸುತ್ತೆ.”

ಫೋಟೊಗ್ರಾಫರನಿಗೆ ನಾಚಿಕೆಯಾಯಿತು. ಹಳೆಯ ಡಿಸ್ಕ್ ಹುಡುಕಿ ಚಿತ್ರ ತೆರೆದ. ತಾನು ಮಾಡಿದ್ದ ತಿದ್ದುಪಡಿಗಳನ್ನು ಒಂದೊಂದಾಗಿ ತೆಗೆದ. ಹುಡುಗಿ ತನ್ನ ಕೈಯನ್ನು ಪರದೆಯ ಪಕ್ಕಕ್ಕೆ ಹಿಡಿದಳು. ಒಂದೇ ಬಣ್ಣ. ಅವಳು ಅತ್ತಳು, ಅಳುತ್ತಲೇ ನಕ್ಕಳು.

ಮೂಲ ಚಿತ್ರ ಸ್ವಲ್ಪ ಮಂಕಾಗಿತ್ತು. ಅವನು ಮತ್ತೆ ಮೌಸ್ ಹಿಡಿದ. ಹುಡುಗಿಗೆ ಗಾಬರಿಯಾಯಿತು.

“ಮತ್ತೆ ಬೆಳ್ಳಗೆ ಮಾಡ್ತೀರಾ?”

“ಇಲ್ಲಮ್ಮ, ಮಂಕು ತೆಗೀತೀನಿ ಅಷ್ಟೆ. ನಿಮ್ಮಮ್ಮ ಅವತ್ತು ನಾನು ಕಣ್ಣಾರೆ ನೋಡಿದ ಹಾಗೇ ಕಾಣಲಿ.”

ಆ ಫೋಟೊ ಈಗ ಹುಡುಗಿಯ ಮನೆಯ ನಡುಮನೆಯಲ್ಲಿದೆ. ಯಾರ ಹಾಗೆ ಹುಟ್ಟಿದ್ಯೋ ಎಂಬ ಮಾತು ಅಲ್ಲಿ ನಿಂತುಹೋಗಿದೆ.

ಕತೆ ಕೇಳಿ ನಂಜುಂಡನ ಮುಖ ಅರಳಿತು. “ಹಾಗಾದರೆ ನನ್ನ ಮೂಲವೂ ಉಳಿದಿದೆ. ಮೇಲೆ ಹೇರಿಕೊಂಡದ್ದನ್ನೆಲ್ಲ ತೆಗೆದುಬಿಡಲೇ?”

ಗುರುಗಳು ಹೇಳಿದರು: “ಆ ಹುಡುಗಿ ತಾಯಿಯ ಮುಖವನ್ನು ಅಕ್ಕರೆಯಿಂದ ನೋಡಿದ ಹಾಗೆ ನಿನ್ನ ಮುಖವನ್ನು ನೀನು ನೋಡಬಲ್ಲೆಯಾದರೆ, ಈಗಲೇ ತೆಗೆ.”