ಕತ್ತರಿ ಇಳಿಸಿದ ಗುಡ್ಡ

ಕೊಡದಾಳದ ಬಸ್ ನಿಲ್ದಾಣದಲ್ಲಿ ಇಳಿದು ಪಡುವಣಕ್ಕೆ ಮುಖ ಮಾಡಿ ನಿಂತರೆ ಎರೆಹೊಲಗಳ ಆಚೆ ಒಂದು ಗಿಡ್ಡ ಗುಡ್ಡ ಕಾಣುತ್ತದೆ. ಎತ್ತರವೇನೂ ಇಲ್ಲ, ಹೊಟ್ಟೆ ತುಂಬ ಉಂಡವನೂ ಒಂದೇ ದಮ್ಮಿಗೆ ಹತ್ತಿ ಇಳಿಯಬಹುದು. ಮೈಯೆಲ್ಲ ಕರಿಬಂಡೆ, ಬಂಡೆಗಳ ಸಂದಿನಲ್ಲಿ ಮುಳ್ಳುಕಂಟಿ. ಪಡುವಣ ಮಗ್ಗುಲಲ್ಲಿ ಒಂದು ದೊಡ್ಡ ಬಂಡೆ ಸೂರಿನ ಹಾಗೆ ಮುಂದಕ್ಕೆ ಚಾಚಿಕೊಂಡಿದ್ದು, ಅದರಡಿ ಇನ್ನೂರು ಕುರಿ ಒತ್ತೊತ್ತಾಗಿ ನಿಲ್ಲುವಷ್ಟು ಜಾಗವಿದೆ. ಕಾಗದಪತ್ರಗಳಲ್ಲಿ ಇದನ್ನು ಕತ್ತರಿಗುಡ್ಡ ಎಂದು ಚುಟುಕಾಗಿ ಬರೆದುಬಿಟ್ಟಿದ್ದಾರೆ. ಅದನ್ನು ಓದಿಕೊಂಡು ಬಂದವರು ಕೆಳಗೆ ನಿಂತು, ತುದಿಯ ಎರಡು ಬಂಡೆಗಳು ಕತ್ತರಿಯ ಆಕಾರದಲ್ಲಿವೆ ಎಂದು ಒಬ್ಬರಿಗೊಬ್ಬರು ತೋರಿಸುತ್ತಾರೆ. ನಾನು ಎಪ್ಪತ್ತೊಂದು ವರ್ಷದಿಂದ ಈ ಗುಡ್ಡವನ್ನು ನೋಡುತ್ತಿದ್ದೇನೆ. ಕಣ್ಣು ಕಿರಿದು ಮಾಡಿ ನೋಡಿದರೂ ಅಷ್ಟೇ, ತಲೆಕೆಳಗಾಗಿ ನಿಂತು ನೋಡಿದರೂ ಅಷ್ಟೇ, ಅಲ್ಲಿ ಯಾವ ಕತ್ತರಿಯೂ ಕಾಣುವುದಿಲ್ಲ. ಊರಿನವರು ಕರೆಯುವ ಪೂರ್ತಿ ಹೆಸರು ಕತ್ತರಿ ಇಳಿಸಿದ ಗುಡ್ಡ. ಆ ನಡುವಿನ ಮಾತನ್ನು ಬಿಟ್ಟರೆ ಹೆಸರಿನಲ್ಲಿ ಉಳಿಯುವುದಾದರೂ ಏನು?

ಈ ಕಥೆಯನ್ನು ಬರೆದಿಡಬೇಕೆಂದು ನನಗೆ ಅನ್ನಿಸಿದ್ದು ಈ ವರ್ಷದ ವೈಶಾಖದಲ್ಲಿ. ನಮ್ಮೂರಿನ ಶರಣಮ್ಮ ಸೇನೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿ ಬಡಗಣ ಬೆಟ್ಟಗಳ ನಾಡಿನಲ್ಲಿದ್ದಾಳೆ. ಅಲ್ಲಿ ಸೇಬಿನ ಗಿಡಗಳು ಹೂಬಿಟ್ಟ ಮೇಲೆ, ಚಳಿಗಾಲ ಮುಗಿಯಿತೆಂದು ಎಲ್ಲರೂ ರಜಾಯಿ ಮಡಿಸಿಟ್ಟ ಮೇಲೆ, ಎರಡು ದಿನ ಬಿಡದೆ ಹಿಮ ಸುರಿಯಿತಂತೆ. ಹೂವಿನ ಮೇಲೆ ಮೊಣಕೈ ಉದ್ದ ಹಿಮ ನಿಂತ ಚಿತ್ರಗಳನ್ನು ಅವಳು ಫೋನಿಗೆ ಕಳಿಸಿದ್ದಳು. ಚಹದಂಗಡಿಯಲ್ಲಿ ಆ ಚಿತ್ರಗಳು ಕೈಯಿಂದ ಕೈಗೆ ಹೋದವು. ಇಲ್ಲಿ ನಲವತ್ತೆರಡು ಡಿಗ್ರಿ, ಅಲ್ಲಿ ಹಿಮ, ಕರಾವಳಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಗಾಳಿಮಳೆ ಎಂದು ಒಬ್ಬೊಬ್ಬರೂ ತಮಗೆ ತಿಳಿದದ್ದನ್ನು ಹೇಳಿದರು. ಕೊನೆಗೆ ಒಬ್ಬ, ಆ ನಾಡಿನ ಹವಾ ಆ ನಾಡಿಗೆ, ನಮಗೇನಾಗಬೇಕು ಅದರಿಂದ ಎಂದು ಲೋಟ ಕುಕ್ಕಿ ಎದ್ದುಹೋದ. ನನಗೆ ಮೈಯೆಲ್ಲ ಉರಿದುಹೋಯಿತು. ಕತ್ತರಿ ಇಳಿಸಿದ ಗುಡ್ಡದ ನೆರಳಿನಲ್ಲಿ ಹುಟ್ಟಿ ಬೆಳೆದವನ ಬಾಯಲ್ಲಿ ಬರುವ ಮಾತೇ ಅದು?

ಹಿಂದೆ ಒಮ್ಮೆ, ದೇಸಾಯರ ಆಳ್ವಿಕೆ ಇದ್ದಾಗ ಎಂದು ಕೆಲವರು, ಅದಕ್ಕೂ ಹಿಂದೆ ಎಂದು ಕೆಲವರು, ಈ ಗುಡ್ಡದ ಬುಡದಲ್ಲಿ ಕುರುಬರ ಏಳು ಮನೆಗಳ ಹಟ್ಟಿಯೊಂದು ಇತ್ತು ಎನ್ನುತ್ತಾರೆ. ಏಳೂ ಮನೆಗೆ ಸೇರಿ ಇದ್ದದ್ದು ಒಂದೇ ಹಿಂಡು, ಮುನ್ನೂರು ಕುರಿ. ಹೊಲವಿಲ್ಲ, ತೋಟವಿಲ್ಲ, ಆ ಹಿಂಡು ಉಳಿದರೆ ಏಳು ಮನೆಯ ಒಲೆ ಉರಿಯಬೇಕು, ಹಿಂಡು ಹೋದರೆ ಏಳು ಮನೆಯೂ ಊರೂರು ಅಲೆಯಬೇಕು. ಹಟ್ಟಿಗೆ ಹಿರಿಯ ಜಟ್ಟೆಪ್ಪ. ಆಕಾಶ ಓದುವುದರಲ್ಲಿ ತನ್ನನ್ನು ಬಿಟ್ಟರಿಲ್ಲ ಎಂಬ ಜಂಬ ಅವನಿಗಿತ್ತು. ಜಂಬಕ್ಕೆ ತಕ್ಕ ತಿಳಿವಳಿಕೆಯೂ ಇತ್ತು ಎನ್ನಬೇಕು. ಯುಗಾದಿ ಕಳೆದ ಮೇಲೆ ಕುರಿಗಳನ್ನು ಹಳ್ಳದ ಮಡುವಿನಲ್ಲಿ ಮೀಯಿಸಿ, ಮೈ ಒಣಗಿದ ಮೇಲೆ ಉಣ್ಣೆ ಕತ್ತರಿಸುವುದು ವಾಡಿಕೆ. ಅದಕ್ಕೊಂದು ಕಟ್ಟಳೆ ಇತ್ತು. ಏಳು ಮನೆಯ ಏಳು ಕತ್ತರಿಗಳಿಗೆ ಬೀರದೇವರ ಮುಂದೆ ಭಂಡಾರದ ಅರಿಶಿನ ಹಚ್ಚಿ ಎತ್ತಿಕೊಂಡರೆ, ಹಿಂಡಿನ ಕೊನೆಯ ಕುರಿಯ ಉಣ್ಣೆ ಬೀಳುವವರೆಗೆ ಅವು ನೆಲ ಮುಟ್ಟಬಾರದು. ಕೈ ಸೋತರೆ ಪಕ್ಕದವನ ಕೈಗೆ ಕೊಡಬೇಕು. ಕತ್ತಲಾದರೆ ಗೂಟಕ್ಕೆ ತೂಗುಹಾಕಬೇಕು. ನಡುವೆ ಇಳಿಸಿದರೆ ಬೀರದೇವರು ಮುನಿದು ಹಿಂಡನ್ನೆಲ್ಲ ತೆಗೆದುಕೊಳ್ಳುತ್ತಾನೆ ಎಂಬ ಭಯ. ನಾನು ಕಂಬಳಿ ನೇಯುವವರ ಮನೆಯಲ್ಲಿ ಹುಟ್ಟಿದವನು. ನಮ್ಮಜ್ಜ ಈ ಕಟ್ಟಳೆಯನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದ.

ಆ ವರ್ಷ ಬಿಸಿಲು ಬೇಗ ಏರಿತ್ತು. ಕುರಿಗಳು ಬಾಯಿ ತೆರೆದು ತೇಕುತ್ತಿದ್ದವು. ಜಟ್ಟೆಪ್ಪ ವಾಡಿಕೆಗಿಂತ ಹತ್ತು ದಿನ ಮೊದಲೇ ಕತ್ತರಿ ಎತ್ತಿಸಿದ. ಮೊದಲ ದಿನ ಮಧ್ಯಾಹ್ನ ಪಡುವಣ ದಾರಿಯಿಂದ ನಲವತ್ತು ಕುರಿ ಹೊಡೆದುಕೊಂಡು ಒಬ್ಬ ಹೆಂಗಸು ಬಂದಳು. ಹೆಸರು ನಿಂಬವ್ವ, ಹೊಳೆಯಾಚೆಯ ಸೀಮೆಯವಳು, ಗಂಡ ಸತ್ತವಳು. ಜೊತೆಗೊಂದು ನಾಯಿ, ಸಾಮಾನು ಹೊರಲು ಒಂದು ಕುದುರೆ. ಅವಳ ಕುರಿಗಳ ಮೈಮೇಲೆ ಉಣ್ಣೆ ಹಾಗೆಯೇ ಇತ್ತು. ಗುಡ್ಡದ ಬಂಡೆಯಡಿ ಎರಡು ದಿನ ಇಳಿದುಕೊಳ್ಳಲು ಕೇಳಿ, ಜಟ್ಟೆಪ್ಪ ಆಗಲಿ ಎಂದ ಮೇಲೆ, ಕತ್ತರಿಯ ಸದ್ದು ಕಿವಿಗೆ ಬಿದ್ದದ್ದೇ ಅವಳು ಅಲ್ಲಿಯೇ ನಿಂತಳು. ತನ್ನ ಸೀಮೆಯಲ್ಲಿ ಐದು ದಿನದ ಹಿಂದೆ ಆಲಿಕಲ್ಲು ಬಿದ್ದು ನೆಲ ಮರುದಿನದವರೆಗೂ ಬೆಳ್ಳಗೆ ಇತ್ತೆಂದಳು. ದಾರಿಯಲ್ಲಿ ಇಳಿದುಕೊಂಡ ಊರಿನಲ್ಲಿ, ಮೂರು ದಿನದ ಹಿಂದೆ, ಮತ್ತೆ ಅದೇ ಆಯಿತೆಂದಳು. ಎರಡು ಕಡೆಯೂ ಮಧ್ಯಾಹ್ನ ಗಾಳಿ ಗಕ್ಕನೆ ನಿಂತು, ಆಮೇಲೆ ಪಡುವಣದಿಂದ ಬಂತೆಂದಳು. ಜಟ್ಟೆಪ್ಪ ಮೂಗು ಮುರಿದ. ನಿಮ್ಮ ಸೀಮೆಗೆ ಘಟ್ಟ ಹತ್ತಿರ, ಮೋಡ ಅಲ್ಲಿ ಮುಗ್ಗರಿಸಿ ಬೀಳುತ್ತದೆ. ನಮ್ಮ ಬಯಲಲ್ಲಿ ಯುಗಾದಿಯಾಚೆ ಆಲಿಕಲ್ಲು ಬಿದ್ದದ್ದನ್ನು ನಾನೂ ಕಂಡಿಲ್ಲ, ನಮ್ಮಪ್ಪನೂ ಕಂಡಿಲ್ಲ ಎಂದು ನಕ್ಕ. ಅವನು ಹೇಳಿದ್ದು ಸುಳ್ಳಲ್ಲ, ಅವರು ಕಂಡಿರಲಿಲ್ಲ. ಕತ್ತರಿ ನಿಲ್ಲಿಸಿ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ; ಅವಳೂ ಕುರುಬರವಳೇ, ಆ ಕಟ್ಟಳೆ ಅವಳಿಗೂ ಗೊತ್ತಿತ್ತು. ಸುಮ್ಮನೆ ಹೋಗಿ ಬಂಡೆಯಡಿ ಕುರಿ ತರುಬಿದಳು.

ಎರಡನೆಯ ದಿನ ಮಧ್ಯಾಹ್ನಕ್ಕೆ ಇನ್ನೂರಹತ್ತು ಕುರಿಗಳ ಉಣ್ಣೆ ಇಳಿದಿತ್ತು. ತೊಂಬತ್ತು ಉಳಿದಿದ್ದವು. ಊಟ ಮುಗಿಸಿ ಕತ್ತರಿಯವರು ಮತ್ತೆ ಕುಳಿತಾಗ ಗಾಳಿ ನಿಂತಿತು. ಕತ್ತರಿಸಿ ಗುಡ್ಡೆ ಹಾಕಿದ ಉಣ್ಣೆಯ ಒಂದು ಎಳೆಯೂ ಅಲುಗಲಿಲ್ಲ. ಜಟ್ಟೆಪ್ಪನಿಗೆ ನಿಂಬವ್ವನ ಮಾತು ನೆನಪಾಯಿತು, ಆದರೆ ಕೈ ನಿಲ್ಲಿಸಲಿಲ್ಲ. ಪಡುವಣ ಅಂಚಿನಲ್ಲಿ ಮೋಡ ಎದ್ದಿತು. ಕಪ್ಪು ಮೋಡವಲ್ಲ, ಹಸಿರು ಬೆರೆತ ಬೂದಿಬಣ್ಣದ ಮೋಡ. ಆರು ಮಂದಿ ಕತ್ತರಿಯಾಡಿಸುತ್ತಲೇ ಹಿರಿಯನ ಮುಖ ನೋಡಿದರು. ಅವನ ಕತ್ತರಿ ನಿಲ್ಲದೆ ಅವರದ್ದು ನಿಲ್ಲುವಂತಿಲ್ಲ. ನಡೆಸಿದರೆ ಉಳಿದ ತೊಂಬತ್ತೂ ಬರಿಮೈಯಾಗುತ್ತವೆ, ಬರಿಮೈ ಕುರಿ ಚಳಿನೀರಿಗೆ ಸಿಕ್ಕರೆ ಒಂದು ಗಳಿಗೆ ಬದುಕುವುದಿಲ್ಲ. ನಿಲ್ಲಿಸಿದರೆ ದೇವರು ಮುನಿಯುತ್ತಾನೆ. ಹಿರಿಯನ ಮೊಣಕಾಲ ನಡುವೆ ಒಂದು ಕುರಿ ಇತ್ತು, ಅದರ ಅರ್ಧ ಮೈ ಬೋಳಾಗಿತ್ತು. ಆ ಕುರಿಯನ್ನು ಎಬ್ಬಿಸಿ ಬಿಟ್ಟು, ಜಟ್ಟೆಪ್ಪ ತನ್ನ ಕತ್ತರಿಯನ್ನು ಬಂಡೆಯ ಮೇಲೆ ಇಳಿಸಿದ.

"ತಪ್ಪು ನಂದು, ಮುನಿಸು ಬಂದ್ರ ನನ್ನ ಮ್ಯಾಲ ಬರ್ಲಿ. ಇಳಸ್ರಿ," ಎಂದ.

ಏಳು ಕತ್ತರಿಗಳೂ ಬಂಡೆಯ ಮೇಲೆ ಇಳಿದವು. ಆ ಹಟ್ಟಿಯಲ್ಲಿ ಯಾರೂ ಎಂದೂ ಕೇಳದ ಸದ್ದು ಅದು ಎನ್ನುತ್ತಾರೆ. ಬೋಳು ಕುರಿಗಳನ್ನು ಬಂಡೆಯಡಿಗೆ ಹೊಡೆಯಿರಿ ಎಂದು ಜಟ್ಟೆಪ್ಪ ಕೂಗಿದಾಗಲೇ ಅವನಿಗೆ ನೆನಪಾದದ್ದು, ಅಲ್ಲಿ ನಿಂಬವ್ವನ ಕುರಿಗಳಿವೆ ಎಂಬುದು. ಜಾಗ ಅವಳಿಗೆ ಕೊಟ್ಟಾಗಿತ್ತು. ಜಾಗ ಕೊಟ್ಟು ಇಳಿಸಿಕೊಂಡವರನ್ನು ಮಳೆಯಲ್ಲಿ ಎಬ್ಬಿಸುವುದು ಹಟ್ಟಿಯ ನಡವಳಿಯಲ್ಲ. ಅವನು ಹೋಗಿ ಅವಳ ಮುಂದೆ ನಿಂತ. ನಿಂಬವ್ವನಿಗೆ ಅವನ ಮೇಲೆ ಸಿಟ್ಟಿತ್ತು, ನಿನ್ನೆ ನಕ್ಕದ್ದನ್ನು ಅವಳು ಮರೆತಿರಲಿಲ್ಲ. ಆ ನಲವತ್ತು ಕುರಿ ಬಿಟ್ಟರೆ ಅವಳಿಗೂ ಲೋಕದಲ್ಲಿ ಬೇರೆ ಗತಿಯಿರಲಿಲ್ಲ. ಅವಳು ಬಂಡೆಯಾಚೆ ಬೋಳು ಮೈ ಹೊತ್ತು ನಿಂತ ಇನ್ನೂರಹತ್ತನ್ನು ನೋಡಿದಳು. ಬಂಡೆ ಮೇಲಿನಿಂದ ಬೀಳುವುದನ್ನು ತಡೆಯುತ್ತದೆ, ಪಡುವಣದಿಂದ ನುಗ್ಗುವುದನ್ನು ತಡೆಯುವುದಿಲ್ಲ ಎಂಬುದು ಅವಳಿಗೆ ಆಗಲೇ ಗೊತ್ತಾಗಿತ್ತು.

"ಕಾಕಾ, ಬೋಳು ಕುರಿ ಒಳಗ ಹಾಕ್ರಿ. ಉಣ್ಣೆ ಇದ್ದವನ್ನ ಬಾಯಿಗೆ ನಿಲ್ಲಸ್ರಿ. ನನ್ನವೂ ನಿಲ್ತಾವು," ಎಂದಳು.

ತನ್ನ ನಲವತ್ತನ್ನು ಅವಳೇ ಹೊರಗೆ ಹೊಡೆದಳು. ಅವುಗಳ ಪಕ್ಕಕ್ಕೆ ಹಟ್ಟಿಯ ತೊಂಬತ್ತು ನಿಂತವು. ಬಂಡೆಯ ಬಾಯಿಗೆ ಅಡ್ಡಲಾಗಿ ಮೂರು ಸಾಲು ಉಣ್ಣೆ ಕುರಿಗಳ ಗೋಡೆ; ಒಳಗೆ ಒಂದರ ಮೇಲೊಂದು ಬೀಳುವ ಹಾಗೆ ಬೋಳು ಕುರಿಗಳು. ಏಳು ಮನೆಯ ಗಂಡಸರು ಹೆಂಗಸರು ಕಂಬಳಿ ಬಿಚ್ಚಿ ಹಿಡಿದು ಗೋಡೆಯ ಕುರಿಗಳ ನಡುನಡುವೆ ನಿಂತರು. ಆಮೇಲೆ ಬಂತು. ಮೊದಲು ಹುಣಸೆಬೀಜದಷ್ಟು ಕಲ್ಲು, ಆಮೇಲೆ ನಿಂಬೆಕಾಯಿ ಗಾತ್ರದ್ದು. ಅಡ್ಡಡ್ಡ ಬೀಸಿ ಹೊಡೆಯಿತು. ಉಣ್ಣೆಗೆ ಬಡಿದ ಕಲ್ಲು ಸದ್ದಿಲ್ಲದೆ ಬೀಳುತ್ತಿತ್ತು, ಕುರಿಯ ತಲೆಗೆ ಬಡಿದದ್ದು ಟಕ್ ಎನ್ನುತ್ತಿತ್ತು. ಜಟ್ಟೆಪ್ಪನ ಹಣೆ ಒಡೆದು ರಕ್ತ ಸುರಿದರೂ ಅವನು ಕದಲಲಿಲ್ಲ. ನಿಂಬವ್ವ ತನ್ನ ಕುರಿಗಳ ಹೆಸರು ಹಿಡಿದು ಕೂಗುತ್ತ, ಬಿದ್ದದ್ದನ್ನು ಎತ್ತಿ ನಿಲ್ಲಿಸುತ್ತ, ಎದ್ದು ನಿಲ್ಲದ್ದರ ಜಾಗಕ್ಕೆ ಇನ್ನೊಂದನ್ನು ತಳ್ಳುತ್ತ ಅತ್ತಳು. ಎರಡು ತಾಸಿನ ಮೇಲೆ ನಿಂತಾಗ ಗುಡ್ಡವೂ ಬಯಲೂ ಒಂದೇ ಬಿಳುಪಾಗಿದ್ದವು ಎನ್ನುತ್ತಾರೆ.

ಬೋಳು ಕುರಿಗಳಲ್ಲಿ ಸತ್ತದ್ದು ಹದಿನಾರು, ಅವೂ ಬಂಡೆಯಡಿ ಹಿಡಿಸದೆ ಅಂಚಿಗೆ ಉಳಿದವು. ಗೋಡೆ ಕಟ್ಟಿದವುಗಳಲ್ಲಿ ಹಟ್ಟಿಯವು ಒಂಬತ್ತು, ನಿಂಬವ್ವನವು ಹನ್ನೊಂದು. ಕುರಿ ಗೋಡೆ ನಿಲ್ಲದಿದ್ದರೆ ಮುನ್ನೂರಲ್ಲಿ ಮೂವತ್ತೂ ಉಳಿಯುತ್ತಿರಲಿಲ್ಲ. ಮರುದಿನ ಜಟ್ಟೆಪ್ಪ ಅವಳೆದುರು ಕೂತು, ಹಿಂಡಿನಲ್ಲಿ ಬೇಕಾದಷ್ಟು ಆರಿಸಿಕೋ ಎಂದ. ಪುರಾಣ ಹೇಳುವವರು ಕೆಲವರು ಅವಳು ಏನೂ ಬೇಡವೆಂದು ಕೈಮುಗಿದು ಗುಡ್ಡದಲ್ಲಿ ಮಾಯವಾದಳು ಎಂದು ಹೇಳುತ್ತಾರೆ. ಸುಡುಗಾಡು! ಗಂಡ ಸತ್ತ ಹೆಂಗಸು ಹನ್ನೊಂದು ಕುರಿ ಕಳೆದುಕೊಂಡು ಮಾಯವಾಗಿ ಉಣ್ಣುವುದೇನನ್ನು? ಹನ್ನೊಂದು ಎಣಿಸಿ ತೆಗೆದುಕೊಂಡಳು. ಅದರಲ್ಲಿ ಒಂದು ಕುಂಟುತ್ತಿತ್ತೆಂದು ಬದಲಾಯಿಸಿಕೊಂಡಳು ಕೂಡ. ದೇವರ ಮುನಿಸಿನ ಮಾತನ್ನು ಜಟ್ಟೆಪ್ಪನೇ ಎತ್ತಿದ. ಕತ್ತರಿ ಇಳಿಸಿದ್ದಕ್ಕೆ ತಪ್ಪುಕಾಣಿಕೆ ಏನು ಕಟ್ಟಲಿ ಎಂದು ಅವಳನ್ನೇ ಕೇಳಿದ. ನಿಂಬವ್ವ ಕುದುರೆಗೆ ಸಾಮಾನು ಬಿಗಿಯುತ್ತಿದ್ದಳು, ಕೈಬಿಡದೆ ಹೇಳಿದಳು:

"ತಪ್ಪು ಇಳಸಿದ್ದಲ್ಲ ಕಾಕಾ, ಎತ್ತಿದ್ದು. ದಾರ್ಯಾಗ ಬರೋರನ್ನ ಕೇಳದ ಎತ್ತಿದ್ರಿ. ಇನ್ನ ಮ್ಯಾಲ ಕೇಳಿ ಎತ್ರಿ."

ಅದೇ ಆ ಹಟ್ಟಿಯ ಹೊಸ ಕಟ್ಟಳೆಯಾಯಿತು, ಗುಡ್ಡಕ್ಕೆ ಹೆಸರೂ ಆಯಿತು. ಹಳೆಯ ಹೆಸರೇನಿತ್ತೆಂದು ಈಗ ಯಾರಿಗೂ ತಿಳಿಯದು. ನಿಂಬವ್ವ ಆ ದಾರಿಯಲ್ಲಿ ಮತ್ತೆ ಬಂದಳೆಂದು ಯಾರೂ ಹೇಳುವುದಿಲ್ಲ.

ಯುಗಾದಿಯಾದ ಮೇಲೆ ಇಲ್ಲಿಗೆ ಬಂದವರು ಇದನ್ನು ಈಗಲೂ ಕಣ್ಣಾರೆ ನೋಡಬಹುದು. ಉಣ್ಣೆ ಕತ್ತರಿಸುವ ಬೆಳಗ್ಗೆ ಭಂಡಾರ ಹಚ್ಚಿದ ಏಳು ಕತ್ತರಿಗಳು ಬಂಡೆಯ ಮೇಲೆ ಸಾಲಾಗಿ ಮಲಗಿರುತ್ತವೆ. ಕತ್ತರಿಯವರು ರಸ್ತೆ ನೋಡುತ್ತ ಕೂತಿರುತ್ತಾರೆ. ಲಾರಿಯವನು ಬರಲಿ, ಪಾತ್ರೆ ಮಾರುವವಳು ಬರಲಿ, ಬೇರೆ ಬೇರೆ ದಿಕ್ಕಿನ ಮೂವರನ್ನು ನಿಲ್ಲಿಸಿ ಅವರ ಕಡೆಯ ಹವಾ ಕೇಳಿ, ಆ ಮೂರನ್ನೂ ತೂಗಿ ನೋಡಿದ ಮೇಲೆಯೇ ಎತ್ತುವುದು. ಹೋದ ವರ್ಷ ಗುಡ್ಡ ನೋಡಲು ಕಾರಿನಲ್ಲಿ ಬಂದ ಒಬ್ಬ ಯುವಕ ಮೂರನೆಯವನಾಗಿ ಸಿಕ್ಕ. ಎಲ್ಲ ಮೊಬೈಲಿನಲ್ಲಿ ಬರುತ್ತದಲ್ಲ ಎಂದು ನಕ್ಕ. ಈಗಿನ ಹಟ್ಟಿಯ ಹಿರಿಯಳು ದ್ಯಾಮವ್ವ, ಅದು ಇರಲಿ, ದಾರಿಯಲ್ಲಿ ನೀನು ಕಂಡದ್ದು ಹೇಳು ಎಂದಳು. ಅವನು ಸ್ವಲ್ಪ ಯೋಚಿಸಿ, ಹೊಳೆಯ ಸೇತುವೆ ದಾಟುವಾಗ ಕಾರಿನ ಮೇಲೆ ಮೂರು ನಾಲ್ಕು ಕಲ್ಲು ಟಕಟಕ ಎಂದವು, ಜಲ್ಲಿ ಸಿಡಿದಿರಬೇಕು ಅಂದುಕೊಂಡೆ ಎಂದ. ದ್ಯಾಮವ್ವ ಉಳಿದವರ ಕಡೆ ನೋಡಿದಳು. ಆಲಿಕಲ್ಲೂ ಹಾಗೆಯೇ ಟಕ್ ಎನ್ನುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅವತ್ತು ಸಂಜೆಯವರೆಗೂ ಆಕಾಶ ತಿಳಿಯಾಗಿಯೇ ಇತ್ತು, ಒಂದು ಹನಿಯೂ ಬೀಳಲಿಲ್ಲ. ಕತ್ತರಿಗಳು ಬಂಡೆಯ ಮೇಲೆಯೇ ಇದ್ದವು. ಕುರಿಗಳು ಮೈತುಂಬ ಉಣ್ಣೆ ಹೊತ್ತುಕೊಂಡು ಮೇಯಲು ಹೋದವು, ದಿನ ಹಾಳಾಯಿತೆಂದು ಹಟ್ಟಿಯಲ್ಲಿ ಒಬ್ಬರೂ ಗೊಣಗಲಿಲ್ಲ.