ಚಿಪ್ಪಿನ ಹಾಲು, ಹನ್ನೊಂದನೆಯ ತಲೆ

"ಕೇಳಿರಪ್ಪಾ ಕೇಳಿ! ರಾಜಕುವರಿ ನಾಗಬ್ಬೆಯ ಮೂರು ಒಗಟು ಬಿಡಿಸಿದವನು ಅರಸರ ಅಳಿಯ. ತಪ್ಪಿದವನ ತಲೆ ಬಂದರಿನ ಕಂಬಕ್ಕೆ. ಗೆಲ್ಲುವವನು ಬರುವ ತನಕ ಒಂದು ತಲೆಯನ್ನೂ ಇಳಿಸುವಂತಿಲ್ಲ, ಸುಡುವಂತಿಲ್ಲ!"

ಮುತ್ತಿನ ಬಂದರಿನ ಅರಸ ಭುಜಬಲ ಹೀಗೆ ಡಂಗುರ ಸಾರಿಸಿ ಆರು ತಿಂಗಳಾಗಿತ್ತು. ಕಂಬದಲ್ಲಿ ಹತ್ತೊಂಬತ್ತು ತಲೆ. ಹನ್ನೊಂದನೆಯದು ಐತನ ಅಣ್ಣ ಸೋಮನದು. ಸೋಮ ಮುತ್ತಿಗಾಗಿ ಕಡಲಡಿಗೆ ಮುಳುಗುತ್ತಿದ್ದವನು. ಧೈರ್ಯ ಬೇಕಾದಷ್ಟು, ಬುದ್ಧಿ ಅಷ್ಟಕ್ಕಷ್ಟೆ, ಪಾಪ. ಅವನ ಕಣ್ಣನ್ನು ಕಾಗೆ ಕುಕ್ಕುವುದನ್ನು ನೋಡಿಯೇ ಐತ ದಿನಾ ಕೆಲಸಕ್ಕೆ ಹೋಗಬೇಕಿತ್ತು. ಅರಮನೆಯಲ್ಲಿ ಚಿಪ್ಪು ಸೀಳಿ, ಮುತ್ತಿನಲ್ಲಿ ಬಿರುಕಿದೆಯೇ ಎಂದು, ಕಣ್ಣಿಗೆ ಕಾಣದ್ದನ್ನೂ ದೊಡ್ಡದು ಮಾಡಿ ತೋರಿಸುವ ಸ್ಫಟಿಕ ಹಿಡಿದು ನೋಡುವುದು ಅವನ ಕೆಲಸ. ರಾಜಕುವರಿಯನ್ನು ಕಟ್ಟಿಕೊಂಡು ಅವನಿಗೇನಾಗಬೇಕು? ಅವನಿಗೆ ಬೇಕಾದದ್ದು ಅಣ್ಣನ ತಲೆ.

ಅವನು ಸಭೆಗೆ ಹೋದ ದಿನ ಇಬ್ಬರು ಅರಸುಮಕ್ಕಳು ಮೊದಲೇ ಬಂದು ನಿಂತಿದ್ದರು.

"ತಲೆಯಿದೆ, ಬಾಲವಿದೆ. ಬಾಯಿಲ್ಲ, ಹೊಟ್ಟೆಯಿಲ್ಲ. ಹುಟ್ಟಿದ ಮನೆಗೆ ಮರಳುವುದಿಲ್ಲ. ಯಾರವನು?" ಎಂದಳು ನಾಗಬ್ಬೆ.

ಮೊದಲನೆಯವನು ಧೂಮಕೇತು ಎಂದ. ಕತ್ತಿ ಬಿತ್ತು, ರಕ್ತ ಐತನ ಪಾದದ ತನಕ ಹರಿಯಿತು. ಎರಡನೆಯವನು ಬಾಣ ಎಂದು ತೊದಲಿ ಓಡಿದ. ಹೊಸ್ತಿಲಲ್ಲೇ ಹಿಡಿದು ಕಡಿದರು. ನೆಲ ಒರೆಸುವ ಪುರುಸೊತ್ತೂ ಯಾರಿಗೂ ಇರಲಿಲ್ಲ.

"ಚಿಪ್ಪಿನ ಗಂಡುಬೀಜ, ಒಡತಿ," ಎಂದ ಐತ. ಗಂಡು ಚಿಪ್ಪು ನೀರಿಗೆ ಬಿಡುವ ಹಾಲಿನಲ್ಲಿ ಅದು ಈಜುವುದನ್ನು ಸ್ಫಟಿಕದಲ್ಲಿ ನೋಡಿದ್ದೇನೆ ಎಂದ. ನಾಗಬ್ಬೆಯ ಮುಖ ಬಿಳಿಚಿತು. ಅವಳು ಅದನ್ನು ಕದ್ದು ನೋಡಿದ್ದೂ ಅದೇ ಸ್ಫಟಿಕದಲ್ಲಿ.

ಎರಡನೆಯ ಒಗಟು ಕೇಳಿದಳು. ಒಬ್ಬ ನಾಲ್ವರಾಗುತ್ತಾನೆ, ನಾಲ್ವರೂ ದುಂಡಗೆ, ಬಾಲವಿಲ್ಲದವರು. ಹೊರಡುವ ಮುಂಚೆ ಮನೆಯ ಸಾಮಾನೆಲ್ಲ ಹೊರಗೆಸೆಯುತ್ತಾರೆ. ಯಾಕೆ?

ಅದೂ ಅವನೇ ಎಂದ ಐತ. ಒಂದು ಕಣ ಒಡೆದು ನಾಲ್ಕು ಬೀಜವಾಗುತ್ತದೆ, ಬಲಿಯುವಾಗ ಬಾಲ ಮೂಡುತ್ತದೆ, ಮೈಯ ಹೊರೆಯೆಲ್ಲ ಕಳಚಿ ಬೀಳುತ್ತದೆ. ದೂರ ಈಜಬೇಕಾದವನಿಗೆ ಭಾರ ಯಾಕೆ?

"ಕೋಟಿ ಜನ ಹೊರಟು ಒಬ್ಬನೇ ಒಳಹೊಕ್ಕ. ಗೋಡೆ ಒಡೆಯಲು ಏನು ತಂದಿದ್ದ? ಹೊಕ್ಕಮೇಲೆ ಏನಾದ?" ಎಂದು ಮೂರನೆಯದನ್ನು ಕೇಳಿದಳು ನಾಗಬ್ಬೆ.

"ತಲೆಯ ತುದಿಯಲ್ಲಿ ಪುಟ್ಟ ಚೀಲವಿದೆ. ಅದು ಒಡೆದರೆ ಮೊಟ್ಟೆಯ ಗೋಡೆ ಕರಗುತ್ತದೆ. ಹೊಕ್ಕವನು ಮೊಟ್ಟೆಯಲ್ಲೇ ಬೆರೆತುಹೋಗುತ್ತಾನೆ. ಮಿಕ್ಕವರು ಸಾಯುತ್ತಾರೆ. ಆದರೆ ಮೊಟ್ಟೆ ಅವರ ತಲೆಗಳನ್ನು ಕಂಬಕ್ಕೆ ಕಟ್ಟಿಸುವುದಿಲ್ಲ, ಒಡತಿ."

ಸಿಂಹಾಸನದಲ್ಲಿದ್ದ ಭುಜಬಲ ಕತ್ತಿ ಹಿರಿದೆದ್ದ. ನಾಗಬ್ಬೆ ಅಡ್ಡ ನಿಂತು, ಮೂರೂ ಸರಿ ಎಂದಳು. ಏನು ಬೇಕೆಂದು ಕೇಳಿದರೆ, ತಲೆಗಳನ್ನು ಇಳಿಸಿ ಸುಡಲು ಬಿಡಿ, ಸಾಕು ಎಂದ ಐತ.

ಏಣಿ ಹತ್ತಿ ಸೋಮನ ತಲೆ ಇಳಿಸಿದವಳು ನಾಗಬ್ಬೆಯೇ. ಐತನ ಕೈಗಿಡುತ್ತ ಕೇಳಿದಳು: "ನಿನ್ನಣ್ಣ ಏನೆಂದು ಉತ್ತರಿಸಿದ ಗೊತ್ತೇ?"

ಐತ ಇಲ್ಲವೆಂದು ತಲೆಯಾಡಿಸಿದ.

"'ನನಗೆ ಗೊತ್ತಿಲ್ಲ, ನನ್ನ ತಮ್ಮನನ್ನು ಕರೆಸಿ ಕೇಳಿ, ಅವನಿಗೆ ಗೊತ್ತಿರುತ್ತದೆ' ಎಂದ. ನಾನು ಕರೆಸಲಿಲ್ಲ."

ಐತ ಅಣ್ಣನ ತಲೆಯನ್ನು ಎದೆಗವಚಿಕೊಂಡು ಮರಳಿನಲ್ಲಿ ಕುಸಿದ.