ಇಳಿದು ನೋಡದ ಹಡಗು

“ಗುರುಗಳೇ, ನನ್ನ ಮೇಲೆ ನಂಬಿಕೆಯಿದ್ದರೆ ದಿನಾ ಸಂಜೆ ಕೂರಿಸಿಕೊಂಡು, ಇಂದು ಮನಸ್ಸಿನಲ್ಲಿ ಏನೇನು ಹಾದುಹೋಯಿತು ಎಂದು ಕೇಳುವುದೇಕೆ? ಹೊಸಬರನ್ನು ಕೇಳಿ. ನಾನು ಇಲ್ಲೇ ಬೆಳೆದವನಲ್ಲವೇ?”

ಶಿಷ್ಯನ ದನಿಯಲ್ಲಿ ನೋವಿತ್ತು, ಸ್ವಲ್ಪ ಜಂಬವೂ ಇತ್ತು. ಗುರುಗಳು ಒಂದು ಕತೆ ಹೇಳಿದರು.

ಒಂದು ಬಂದರಿನಲ್ಲಿ ಒಬ್ಬ ಸುಂಕದ ಅಧಿಕಾರಿಯಿದ್ದ. ಪರದೇಶದ ಸರಕಿಗೆ ಅಲ್ಲಿ ಸುಂಕ. ನಾಡಿನ ಒಂದು ಬಂದರಿನಿಂದ ನಾಡಿನದೇ ಇನ್ನೊಂದು ಬಂದರಿಗೆ ಹೋಗುವ ಸರಕಿಗೆ ಸುಂಕವಿಲ್ಲ. ಆದರೂ ಅಧಿಕಾರಿ ಕಾವಲಿನವರೊಂದಿಗೆ ಹಡಗಿನ ಒಡಲಿಗೆ ಇಳಿದು ನೋಡಬೇಕು, ಆಮೇಲೆ ಮುದ್ರೆ ಒತ್ತಬೇಕು. ಮುದ್ರೆಯಿಲ್ಲದ ಹಡಗನ್ನು ಕಡಲಿಗೆ ಬಿಡುತ್ತಿರಲಿಲ್ಲ.

ಕರಾವಳಿಯ ಊರುಗಳಿಗೆ ಅಕ್ಕಿ ಸಾಗಿಸುವ ಒಬ್ಬ ವರ್ತಕನಿದ್ದ. ಚಿನ್ನದಂಥ ಮನುಷ್ಯ. ಅವನ ಮೂಟೆಗಳನ್ನು ಸರಿಸಿ ನೋಡುವಾಗ ಅಧಿಕಾರಿಗೆ ನಾಚಿಕೆಯಾಗುತ್ತಿತ್ತು. ಬರಬರುತ್ತಾ ಅವನ ಹಡಗಿಗೆ ಇಳಿಯುವುದನ್ನೇ ಬಿಟ್ಟ. ದೊಡ್ಡ ಮರ್ಯಾದೆ ಮಾಡಿದೆನೆಂದುಕೊಂಡ.

ಒಂದು ದಿನ ಅವನು ಎಂದಿನಂತೆ ಮುದ್ರೆ ಎತ್ತಿದಾಗ ವರ್ತಕ ಕೈ ಅಡ್ಡ ಹಿಡಿದ. “ಒಡೆಯಾ, ಇವತ್ತು ಒಮ್ಮೆ ಕೆಳಗಿಳಿದು ನೋಡಿಬಿಡಿ.”

“ಬಿಡಿ ಶೆಟ್ಟರೇ. ನಿಮ್ಮನ್ನೂ ಅನುಮಾನಿಸಿದರೆ ನಾನು ಮನುಷ್ಯನೇ?”

“ಕಾನೂನು ಇದೆಯಲ್ಲ. ದಮ್ಮಯ್ಯ, ನೋಡಿ.”

ಎಂಥ ಪ್ರಾಮಾಣಿಕ! ಅಧಿಕಾರಿಯ ಎದೆ ತುಂಬಿ ಬಂತು. ನಗುತ್ತಾ ಅವನ ಹೆಗಲು ತಟ್ಟಿ, ಮುದ್ರೆ ಒತ್ತಿ, ಮನೆಗೆ ಊಟಕ್ಕೆ ಹೋದ.

ಮಾರನೆಯ ದಿನ ವರ್ತಕನ ಹೆಣ ದಡಕ್ಕೆ ಬಂತು. ಈಜಿ ಪಾರಾಗಿ ಬಂದ ಒಬ್ಬ ನಾವಿಕ ಹೇಳಿದ: ಕಡಲ್ಗಳ್ಳರು ಆ ಹಡಗು ಹಿಡಿದಿದ್ದರು. ಅದರ ಒಡಲಿಗೆ ಯಾರೂ ಇಳಿಯುವುದಿಲ್ಲವೆಂದು ತಿಳಿದೇ ಹಿಡಿದಿದ್ದರು. ಪರದೇಶದಲ್ಲಿ ಮಾರಲು ಕದ್ದು ತಂದ ಮಕ್ಕಳನ್ನು, ಬಾಯಿಗೆ ಬಟ್ಟೆ ತುರುಕಿ, ಅಕ್ಕಿ ಮೂಟೆಗಳ ಹಿಂದೆ ಬಚ್ಚಿಟ್ಟಿದ್ದರು. ಮುದ್ರೆಯ ಹೊತ್ತಿನಲ್ಲಿ ನಾವಿಕನ ವೇಷದ ಕಳ್ಳನೊಬ್ಬ ವರ್ತಕನ ಬೆನ್ನಿಗೆ ಚೂರಿ ಒತ್ತಿ ನಿಂತಿದ್ದ. ‘ಇಳಿದು ನೋಡಿ’ ಎಂದ ತಪ್ಪಿಗೆ ಅವನನ್ನು ಕೊಂದರು.

ಅಧಿಕಾರಿಗೆ ಆಗ ಅರ್ಥವಾಯಿತು. ಸಹಾಯ ಬೇಡಿದವನಿಗೆ ತಾನು ಹೊಗಳಿಕೆ ಕೊಟ್ಟು ಕಳಿಸಿದ್ದ! ಹಡಗುಗಳನ್ನು ಕಳಿಸಿದ, ದಿಕ್ಕುದಿಕ್ಕಿಗೂ ಹುಡುಕಿಸಿದ. ಮಕ್ಕಳು ಸಿಗಲಿಲ್ಲ.

ಶಿಷ್ಯ ಕೇಳಿದ: “ಗುರುಗಳೇ, ಆ ವರ್ತಕನದೇನು ತಪ್ಪಿತ್ತು?”

“ಏನೂ ಇಲ್ಲ ಮಗೂ; ಈಗ ಹೇಳು, ಇಂದು ನಿನ್ನ ಮನಸ್ಸಿನ ಹಡಗು ನಡೆಸಿದವರು ಯಾರು?”